ಎರಡು ಕೈಬರಹದ ಗಾಡಿ

ನಾನು ತರ್ಕಶಾಸ್ತ್ರದ ಉಪನ್ಯಾಸಕ ಎಂಬ ಸಂಗತಿಯನ್ನು ಗ್ಯಾರೇಜುಗಳಲ್ಲಿ ಆದಷ್ಟು ಮುಚ್ಚಿಡುತ್ತೇನೆ. ಒಮ್ಮೆ ಹೇಳಿ ಕೆಟ್ಟಿದ್ದೇನೆ. ಹುಮನಾಬಾದಿನ ಮಾಣಿಕಪ್ಪ ಮಿಸ್ತ್ರಿಯವರು ನನ್ನ ಗಾಡಿಯ ಪ್ಲಗ್ಗನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, "ಸರ್, ಕಾಲೇಜಿನಾಗ ನೀವು ಏನ್ ಕಲಸ್ತೀರಿ?" ಎಂದು ಕೇಳಿದರು. "ತರ್ಕಶಾಸ್ತ್ರ ರೀ" ಎಂದೆ. ಹಾಗೆಂದರೇನು ಎಂದರು. ಯಾವುದರಿಂದ ಯಾವುದು ಆಗುತ್ತದೆ ಎಂದು ಕಂಡುಹಿಡಿಯುವ ವಿದ್ಯೆ ಎಂದು, ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಅವರು ಪ್ಲಗ್ಗನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಹಂಗಂದ್ರ ನೀವೇ ಹೇಳ್ರಿ. ಇದು ಯಾಕ ತೊಯ್ದದ?" ಎಂದರು. ನಾನು ಎಲ್ಲರಿಗೂ ಚಹಾ ಹೇಳಿದೆ.

ನಮ್ಮ ಶಾಸ್ತ್ರದ ಮೊದಲ ವಾರದಲ್ಲಿ ಎಲ್ಲ ಮೇಷ್ಟರುಗಳೂ ಕೊಡುವ ಒಂದು ಉದಾಹರಣೆ ಇದೆ. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇರಬೇಕು ಎನ್ನುವುದು. ಹಿಂದಿನ ಪಂಡಿತರು ಈ ಒಂದು ಬೆಟ್ಟ, ಒಂದಿಷ್ಟು ಹೊಗೆ ಇಟ್ಟುಕೊಂಡು ತಲೆಮಾರುಗಟ್ಟಲೆ ವಾದ ಮಾಡಿದ್ದಾರೆ. ಅವರಲ್ಲಿ ಒಬ್ಬರ ಬಳಿಯೂ ಹಳೆಯ ಟೂ-ಸ್ಟ್ರೋಕ್ ಗಾಡಿ ಇರಲಿಲ್ಲ ಎಂಬುದು ನನ್ನ ಗುಮಾನಿ. ನನ್ನ ಗಾಡಿ ಬಸವಕಲ್ಯಾಣದ ನಮ್ಮ ಗಲ್ಲಿ ತುಂಬ ಹೊಗೆ ಬಿಡುತ್ತಿತ್ತು, ಒಳಗೆ ನೋಡಿದರೆ ಕಿಡಿಯೂ ಇಲ್ಲ. ಮರುದಿನ ಕಿಡಿ ಇರುತ್ತಿತ್ತು, ಹೊಗೆಯೂ ಇಲ್ಲ, ಗಾಡಿಯೂ ಮುಂದೆ ಹೋಗುವುದಿಲ್ಲ. ಇಂದಿಗೂ ಪಾಠದಲ್ಲಿ ಆ ಬೆಟ್ಟದ ಹತ್ತಿರ ಬಂದೊಡನೆ ನನ್ನ ದನಿ ತಾನಾಗಿ ತಗ್ಗುತ್ತದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಗಾಡಿ ಸಾಮಾನ್ಯದ್ದಲ್ಲ. ಹುಮನಾಬಾದಿನ ಒಬ್ಬ ಗುತ್ತೇದಾರರ ಮಗ ಒಂದು ಕಾಲಕ್ಕೆ ಹೈದರಾಬಾದಿನ ಕಡೆ ಕೆಸರಿನಲ್ಲಿ, ದಿಬ್ಬಗಳ ಮೇಲೆ ರೇಸು ಹಾರಿಸುತ್ತಿದ್ದ. ಅದಕ್ಕಾಗಿಯೇ ತಯಾರಾದ ಗಾಡಿ. ಚಕ್ರಕ್ಕೆ ಗೇಣುಗೇಣಿಗೆ ಗಂಟುಗಂಟಾದ ಟೈರು, ಮಡ್ಗಾರ್ಡು ಟೈರಿನಿಂದ ಮೊಳದಷ್ಟು ಮೇಲೆ, ಸೈಲೆನ್ಸರು ಸೀಟಿನ ಮಗ್ಗುಲಿಗೆ ಏರಿ ಕೂತಿತ್ತು. ಆ ಹುಡುಗ ಭುಜದ ಎಲುಬು ಮುರಿದುಕೊಂಡ ಮೇಲೆ ಅವನ ತಾಯಿ ಗಾಡಿಯನ್ನು ಕಣಕಿ ಒಟ್ಟುವ ಕೊಟ್ಟಿಗೆಗೆ ಹಾಕಿ ಬೀಗ ಜಡಿದಿದ್ದರು. ಹತ್ತಾರು ವರ್ಷ ದಂಟಿನ ನಡುವೆ ನಿಂತ ಗಾಡಿ ನನ್ನ ಪಾಲಿಗೆ ಬಂತು. ನಾನು ಅದರ ಮೇಲೆ ಕೂತರೆ ಎರಡೂ ಕಾಲು ನೆಲಕ್ಕೆ ತಾಕುವುದಿಲ್ಲ. ಒಂದು ಕಾಲಿಟ್ಟರೆ ಇನ್ನೊಂದು ಗಾಳಿಯಲ್ಲಿ. ನಮ್ಮ ಗಲ್ಲಿಯವರು ಅದಕ್ಕೆ ಒಂಟೆ ಎಂದು ಹೆಸರಿಟ್ಟರು. "ಸರ್ ಇವತ್ತ ಒಂಟೆ ಮ್ಯಾಲ ಹೋಗ್ಯಾರೋ, ಬಸ್ಸಿಗಿ ಹೋಗ್ಯಾರೋ" ಎಂದು ಒಬ್ಬರನ್ನೊಬ್ಬರು ಕೇಳುವುದು ನನಗೆ ಕೇಳಿಸುತ್ತಿತ್ತು. ಒಂಟೆಯನ್ನು ತಳ್ಳಿಕೊಂಡು ಹೋಗಿದ್ದಾರೆ ಎಂಬುದು ಹೆಚ್ಚಿನ ದಿನಗಳ ಸರಿಯಾದ ಉತ್ತರವಾಗಿತ್ತು.

ಎರಡೂ ಕಾಲು ಊರಲಾಗದ ಮನುಷ್ಯನಿಗೆ ಇಂಥ ಗಾಡಿ ಯಾಕೆ ಬೇಕಿತ್ತು ಎಂದರೆ, ಬೇಕಿದ್ದುದು ನನಗಲ್ಲ. ನನ್ನ ಹೆಂಡತಿ ಮಹಾನಂದಾ ಮುಡಬಿಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಒಂದು ತಾಂಡಾದ ಸಾಲಿಗೆ ಟೀಚರು. ಆ ಸಾಲಿಗೆ ಟೀಚರೂ ಅವಳೇ, ಹೆಡ್ಮಾಸ್ಟರೂ ಅವಳೇ, ಗಂಟೆ ಹೊಡೆಯುವವಳೂ ಅವಳೇ. ಬಸವಕಲ್ಯಾಣದಿಂದ ಮುಡಬಿಯ ತನಕ ಬಸ್ಸಿದೆ, ಬಸ್ಸು ತಪ್ಪಿದರೆ ಆಟೋ ಇದೆ. ಮುಂದಿನ ನಾಲ್ಕು ಕಿಲೋಮೀಟರಿಗೆ ಎರೆಮಣ್ಣಿದೆ. ಬೇಸಿಗೆಯಲ್ಲಿ ಅದು ದಾರಿ, ಮಳೆಗಾಲದಲ್ಲಿ ಅದು ಅಂಟು. ಸ್ಕೂಟರು, ಸಾದಾ ಬೈಕು ಹೋದರೆ ಟೈರು ಮತ್ತು ಮಡ್ಗಾರ್ಡಿನ ನಡುವೆ ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ನಡೆದರೆ ಪ್ರತಿ ಹೆಜ್ಜೆಗೂ ಚಪ್ಪಲಿ ಒಂದು ಸೇರು ಭಾರವಾಗುತ್ತದೆ. ಹಿಂದಿನ ವರ್ಷ ಶ್ರಾವಣದಲ್ಲಿ ಅವಳು ಸಾಲಿ ತಲುಪುವಾಗ ಹನ್ನೊಂದೂವರೆ ಆದ ದಿನಗಳಿದ್ದವು. ಅಂಥದೇ ಒಂದು ದಿನ ತಪಾಸಣೆಗೆ ಸಾಹೇಬರು ಬಂದಿದ್ದರು. ಅವರು ಕೆಟ್ಟ ಮನುಷ್ಯರಲ್ಲ, ತಮ್ಮ ಬೂಟಿನ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಲೇ ಹೇಳಿದರಂತೆ: ಮುಂದಿನ ಮಳೆಗಾಲ ಪೂರ್ತಿ ಹತ್ತಕ್ಕೆ ಸರಿಯಾಗಿ ಸಾಲಿ ತೆಗೆಯಬೇಕು, ಆಗದಿದ್ದರೆ ನೀವೇ ವರ್ಗಾವಣೆ ಬರೆದುಕೊಡಿ. ಇಲ್ಲಿಗೆ ಇನ್ನೊಬ್ಬರು ಬರುವ ಭರವಸೆ ನಾನು ಕೊಡಲಾರೆ.

ಇನ್ನೊಬ್ಬರು ಬರುವುದಿಲ್ಲ ಎಂದರೆ ತಾಂಡಾದ ಸಾಲಿ ಮುಚ್ಚಿತು ಎಂದೇ ಅರ್ಥ. ಮಕ್ಕಳು ಮುಡಬಿಯ ತನಕ ಆ ಕೆಸರಿನಲ್ಲಿ ನಡೆಯುವುದಿಲ್ಲ. ಮಹಾನಂದಾಳಿಗೆ ಅಲ್ಲಿ ಮೂರನೆಯ ಇಯತ್ತೆಯ ನಾಲ್ವರು ಹುಡುಗಿಯರಿದ್ದರು. ಅವರು ಐದನೆಯದಕ್ಕೆ ಹೋಗುವುದನ್ನು ನೋಡಿಯೇ ಅಲ್ಲಿಂದ ಏಳುವುದೆಂದು ಹಟ ಹಿಡಿದಿದ್ದಳು. ಅವಳನ್ನು ಬೆಳಿಗ್ಗೆ ಮನೆಯಿಂದ ತಾಂಡಾದ ತನಕ ಗಾಡಿಯಲ್ಲಿ ಬಿಟ್ಟು, ನಾನು ಅಲ್ಲಿಂದ ಹುಮನಾಬಾದಿನ ನನ್ನ ಮಧ್ಯಾಹ್ನದ ಕ್ಲಾಸಿಗೆ ಹೋಗುವುದು ಎಂದು ಮಾರ್ಚಿನಲ್ಲಿ ನಾವು ಯೋಜನೆ ಹಾಕಿದೆವು. ಸಂಜೆ ಅವಳು ನಡೆದು ಬಂದಾಳು. ಸಂಜೆ ತಡವಾದರೆ ಕೇಳುವ ಸಾಹೇಬರಿಲ್ಲ.

ಇಷ್ಟು ಹೇಳಿ ಒಂದನ್ನು ಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಅದೇ ಮಾರ್ಚಿನಲ್ಲಿ ನಾನು ತಾಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ವರ್ಗಾವಣೆ ಅರ್ಜಿಯ ಒಂದು ನಮೂನೆ ತೆಗೆದುಕೊಂಡೆ. ಸರ್ಕಾರಿ ಕೆಲಸವಲ್ಲವೇ, ಇರಲಿ ಎಂದು ಅಂಗಡಿಯವನು ದಪ್ಪ ಕಾಗದದ ಮೇಲೆ ತೆಗೆದುಕೊಟ್ಟ. ಪೆನ್ಸಿಲಿನಲ್ಲಿ ಮಹಾನಂದಾಳ ಹೆಸರು, ಸಾಲಿಯ ಹೆಸರು ಬರೆದು, ತರ್ಕಶಾಸ್ತ್ರದ ಪಠ್ಯಪುಸ್ತಕದ ನಡುವೆ ಮಡಚಿಟ್ಟೆ. 'ಕೋರಿಕೆಗೆ ಕಾರಣ' ಎಂಬ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದೆ. ಕಾರಣ ಕಲಿಸಿ ಹೊಟ್ಟೆ ಹೊರೆಯುವವನಿಗೆ ಕಾರಣ ಹೊಳೆಯಲಿಲ್ಲ ಅಂತಲ್ಲ. ಅವಳು ಊರಿನ ಸಾಲಿಗೆ ಬಂದರೆ ನನಗೆ ಬೆಳಗಿನ ಹೊತ್ತು ಪೇಪರು ಓದಲು ಸಿಗುತ್ತದೆ ಎಂದು ಅಲ್ಲಿ ಬರೆಯುವ ಹಾಗಿರಲಿಲ್ಲ. ಅವಳಿಗೂ ಹೇಳಲಿಲ್ಲ. ಬೇಸರ ಮಾಡಿಕೊಂಡಾಳು ಎಂದು ಸುಮ್ಮನಿದ್ದೆ, ಗಾಡಿಯನ್ನು ಸರಿ ಮಾಡಿಸಲು ಮಾತ್ರ ಮನಸಾರೆ ಓಡಾಡಿದೆ. ಒಂದೇ ಮನುಷ್ಯ ಎರಡನ್ನೂ ಪ್ರಾಮಾಣಿಕವಾಗಿ ಮಾಡಬಹುದೇ ಎಂದು ಕೇಳಬೇಡಿ, ನನಗೂ ಅದು ಬಿಡಿಸಲು ಬಂದಿಲ್ಲ.

ಈಗ ಗ್ಯಾರೇಜಿನ ಇಬ್ಬರು ಉಸ್ತಾದರ ವಿಷಯ. ಗಾಡಿಯನ್ನು ಅದರ ಹರೆಯದಲ್ಲಿ ನೋಡಿದ್ದವರು ಹುಮನಾಬಾದಿನ ಮಾಣಿಕಪ್ಪ ಮಿಸ್ತ್ರಿ. ರೇಸಿನ ಹುಡುಗನಿಗೆ ಗಾಡಿ ಕಟ್ಟಿಕೊಡುತ್ತಿದ್ದವರು ಅವರೇ. ಹಾಗಾಗಿ ಮೊದಲು ಅವರ ಬಳಿ ಹೋದೆ. ಆದರೆ ಮನೆ ಇರುವುದು ಬಸವಕಲ್ಯಾಣದಲ್ಲಿ, ಗಾಡಿ ಮುಂಜಾನೆ ಕೆಡುವುದು ಮನೆಯ ಮುಂದೆ. ಅಲ್ಲಿಂದ ತಳ್ಳಿದರೆ ಕೈಗೆ ಸಿಗುವವರು ಕೋಟೆಯ ಹಾದಿಯ ಮೌಲಾ ಉಸ್ತಾದ್. ಮಾಣಿಕಪ್ಪನವರಿಗಿಂತ ನಾಲ್ಕೈದು ವರ್ಷ ಚಿಕ್ಕವರು, ಮಾತು ಮೃದು. "ಸರ್, ಫಿಕರ್ ಮಾಡಬ್ಯಾಡ್ರಿ. ಗಾಡಿ ಖಾನ್ದಾನಿ ಅದ" ಎಂದು ಅವರು ಸೀಟಿನ ಮೇಲೆ ಕೈಯಾಡಿಸಿದಾಗ ನನಗೆ ಮನೆ ಹೆಣ್ಣನ್ನು ಒಳ್ಳೆಯ ಕಡೆ ಕೊಟ್ಟಷ್ಟು ಸಮಾಧಾನವಾಯಿತು.

ನಮ್ಮ ಭಾಗದಲ್ಲಿ ಒಬ್ಬ ಉಸ್ತಾದನ ಮುಂದೆ ಇನ್ನೊಬ್ಬ ಉಸ್ತಾದನ ಹೆಸರು ಎತ್ತುವುದಿಲ್ಲ. ಕಾನೂನು ಇಲ್ಲ, ಆದರೂ ಎತ್ತುವುದಿಲ್ಲ. ದರ್ಜಿಯ ವಿಷಯದಲ್ಲೂ ಹೀಗೇ, ಡಾಕ್ಟರ ವಿಷಯದಲ್ಲೂ ಹೀಗೇ. ಗೋರ್ಟಾದ ನನ್ನ ಮಾವನವರು ಮಂಡಿ ನೋವಿಗೆ ಮೂವರು ಡಾಕ್ಟರ ಬಳಿ ಏಕಕಾಲಕ್ಕೆ ಹೋಗುತ್ತಿದ್ದರು, ಮೂವರಿಗೂ "ನಿಮ್ಮ ಕೈಗುಣ ಬ್ಯಾರೆನೇ ಅದರಿ" ಎನ್ನುತ್ತಿದ್ದರು. ಇದಕ್ಕೆ ಇಲ್ಲಿ ಲಿಹಾಜು ಎನ್ನುತ್ತಾರೆ. ಎದುರಿನವರ ಮುಖ ಸಣ್ಣದಾಗದಂತೆ ನೋಡಿಕೊಳ್ಳುವುದು. ನಾನು ಆ ಮಾವನ ಅಳಿಯ. ಮಾಣಿಕಪ್ಪನವರು ಎಂಜಿನ್ನಿಗೆ ಕಿವಿಗೊಟ್ಟು, "ಬ್ಯಾರೆ ಯಾರರೆ ಕೈ ಹಾಕ್ಯಾರೇನ್ರಿ ಇದಕ್ಕ?" ಎಂದು ಕೇಳಿದಾಗ ಕಣ್ಣು ಮಿಟುಕಿಸದೆ "ಇಲ್ರಿ" ಎಂದೆ. ಬಸವಕಲ್ಯಾಣದಲ್ಲಿ ಮೌಲಾ ಉಸ್ತಾದರು ಅದನ್ನೇ ಕೇಳಿದಾಗಲೂ "ಛೇ, ಇಲ್ರಿ" ಎಂದೆ. ಎರಡನೆಯ ಸುಳ್ಳಿಗೆ ಒಂದು ಅಕ್ಷರ ಹೆಚ್ಚು.

ಅಲ್ಲಿಂದ ನನ್ನ ಗೊಂದಲದ ದಿನಗಳು. ಹುಮನಾಬಾದಿನಲ್ಲಿ ಒಂದೇ ಕಿಕ್ಕಿಗೆ ಏಳುತ್ತಿದ್ದ ಗಾಡಿ ಬಸವಕಲ್ಯಾಣದಲ್ಲಿ ಇಪ್ಪತ್ತಕ್ಕೂ ಏಳುತ್ತಿರಲಿಲ್ಲ. ಇಲ್ಲಿ ಸರಿಹೋದದ್ದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೆಮ್ಮುತ್ತಿತ್ತು. ಎತ್ತರದ ವ್ಯತ್ಯಾಸವೇ, ನೀರಿನದೇ, ಪೆಟ್ರೋಲಿನದೇ ಎಂದು ಯೋಚಿಸಿದೆ. ಪಟ್ಟಿ ಮಾಡಿದೆ. ಒಂದು ನೋಟುಬುಕ್ಕಿನಲ್ಲಿ ದಿನ, ಬಿಸಿಲು, ಕಿಕ್ಕಿನ ಸಂಖ್ಯೆ, ಹೊಗೆಯ ಬಣ್ಣ ಎಲ್ಲ ಬರೆದೆ. ಬಿಳಿ ಹೊಗೆಯ ದಿನ ಗುರುವಾರಗಳೇ ಹೆಚ್ಚೆಂದು ಗೊತ್ತಾಯಿತು. ಅದರಿಂದ ಏನು ತಿಳಿಯಬೇಕೆಂದು ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮನ್ನಾಏಖೇಳ್ಳಿಯ ಬೀಜದ ವ್ಯಾಪಾರಿಯೊಬ್ಬರು ನನ್ನ ನೋಟುಬುಕ್ಕನ್ನು ಇಣುಕಿ ನೋಡಿ, "ಗಾಡಿ ಮಾರಿ ಯಾ ಕಡಿ ಮಾಡಿ ನಿಲ್ಲಸ್ತೀರಿ?" ಎಂದರು. ಮುಖ ಪಡುವಣಕ್ಕೆ ಎಂದೆ. ಅವರು ನಾಲಿಗೆ ಕಚ್ಚಿಕೊಂಡು ತಲೆಯಾಡಿಸಿದರು. ಅವತ್ತಿನಿಂದ ಗಾಡಿಯನ್ನು ಮೂಡಣಕ್ಕೆ ನಿಲ್ಲಿಸತೊಡಗಿದೆ. ತರ್ಕಶಾಸ್ತ್ರದ ಎಂ.ಎ. ಎಂಬುದನ್ನು ಮತ್ತೆ ನೆನಪಿಸಬೇಡಿ. ಎರಡು ದಿನ ಗಾಡಿ ಚೆನ್ನಾಗಿಯೂ ಓಡಿತು.

ಇನ್ನೊಂದು ಎಣ್ಣೆಯ ಪ್ರಕರಣ. ಈ ಜಾತಿಯ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಮಾಣಿಕಪ್ಪನವರು ನನ್ನನ್ನು ನಂಬದೆ ತಾವೇ ಟ್ಯಾಂಕಿಗೆ ಒಂದಿಷ್ಟು ಸುರಿಯುತ್ತಿದ್ದರು. ಮೌಲಾ ಉಸ್ತಾದರೂ ನನ್ನನ್ನು ನಂಬದೆ ಸುರಿಯುತ್ತಿದ್ದರು. ಪಂಪಿನವನು "ಎಣ್ಣಿ ಹಾಕ್ಲೇನ್ರಿ?" ಎಂದಾಗ ಬೇಡ ಎಂದರೆ ಏನೂ ತಿಳಿಯದವನೆಂದುಕೊಂಡಾನೆಂದು ನಾನು ಹಾಕು ಎನ್ನುತ್ತಿದ್ದೆ.

ಮೇ ತಿಂಗಳು ಮುಗಿಯುತ್ತ ಬಂತು. ಸಂಜೆ ಗುಡುಗು ಶುರುವಾಯಿತು. ಮೋಡ ಕಂಡಾಗ ಊರೆಲ್ಲ ಖುಷಿಯಾಗಿದ್ದರೆ ಮಹಾನಂದಾ ಅಂಗಳದಲ್ಲಿ ನಿಂತ ಗಾಡಿಯನ್ನು ನೋಡುತ್ತಿದ್ದಳು. ಅವಳು ಒಂದು ಮಾತೂ ಆಡುತ್ತಿರಲಿಲ್ಲ, ಅದೇ ನನಗೆ ಕಷ್ಟವಾಗುತ್ತಿತ್ತು. ನಾನು ಪುಸ್ತಕ ತೆಗೆದು ಅರ್ಜಿಯನ್ನೊಮ್ಮೆ ನೋಡಿ, ಮತ್ತೆ ಮುಚ್ಚಿ, ಗಾಡಿಯನ್ನು ತಳ್ಳಿಕೊಂಡು ಮೌಲಾ ಉಸ್ತಾದರ ಕಡೆ ಹೋಗುತ್ತಿದ್ದೆ.

ಒಂದು ಶುಕ್ರವಾರ ಉಸ್ತಾದರ ಅಂಗಡಿ ಮುಚ್ಚಿತ್ತು. ಹಾಗೇ ತಿರುಗಿ ತಂದು ನಿಲ್ಲಿಸಿದೆ. ಮಹಾನಂದಾ ಕೈ ಒರೆಸಿಕೊಳ್ಳುತ್ತ ಬಂದು ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಹಳ ಹೊತ್ತು ನೋಡಿದಳು.

"ಇಲ್ಲಿ ನೇಲ್ ಪಾಲಿಶ್ ಅದರಿ" ಎಂದಳು.

ಯಾವ ಗಂಡನಿಗಾದರೂ ಎದೆ ಧಸಕ್ಕೆನ್ನಬೇಕಾದ ಮಾತು. ಮನೆಯಲ್ಲಿ ಅದನ್ನು ಹಚ್ಚುವವರು ಯಾರೂ ಇರಲಿಲ್ಲ. ಬಗ್ಗಿ ನೋಡಿದೆ. ಕಾರ್ಬ್ಯುರೇಟರಿನ ಸಣ್ಣ ತಿರುಪಿನ ತಲೆಯ ಮೇಲೆ ಕೆಂಪು ಚುಕ್ಕೆ. ಅದು ಮೌಲಾ ಉಸ್ತಾದರ ರೂಢಿ. ತಿರುಪನ್ನು ತಮಗೆ ಬೇಕಾದ ಜಾಗಕ್ಕೆ ತಂದ ಮೇಲೆ ಅಲುಗಾಡದಿರಲೆಂದು ಒಂದು ಹನಿ ಹಚ್ಚುತ್ತಿದ್ದರು. ಮಹಾನಂದಾ ಬೆರಳನ್ನು ಎಂಜಿನ್ನಿನ ಇನ್ನೊಂದು ಮಗ್ಗುಲಿಗೆ ಒಯ್ದಳು. ಅಲ್ಲಿ ಮುಚ್ಚಳದ ಬೋಲ್ಟುಗಳನ್ನು ತಾಮ್ರದ ತಂತಿಯಿಂದ ಬಿಗಿದು ಎಡಕ್ಕೆ ಹುರಿ ಹಾಕಿತ್ತು. ಅದು ಮಾಣಿಕಪ್ಪನವರ ರೂಢಿ.

"ಇದರಾಗ ಎರಡು ಕೈಬರಹ ಅವ ನೋಡ್ರಿ" ಎಂದಳು. "ಮನಿಗಿ ಕೊಟ್ಟ ಲೆಕ್ಕಾ ಅಣ್ಣ ಅರ್ಧ, ತಮ್ಮ ಅರ್ಧ ಬರಕೊಂಡು ಬಂದಿರ್ತಾರಲ್ಲ, ಹಂಗ. ಎರಡೂ ಛಂದ ಅವ. ಉತ್ತರ ಮಾತ್ರ ತಪ್ಪು."

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅಂದರೆ ಉಸ್ತಾದರ ವಿಷಯವನ್ನು. ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನೀವು ಕ್ಲಾಸಿನಲ್ಲಿ ಏನು ಕಲಿಸುತ್ತೀರಿ ಎಂದಳು. ಕಾರಣ ಗೊತ್ತಾಗಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂದು ಕಲಿಸುತ್ತೇನೆ ಎಂದೆ. ನನ್ನ ದನಿ ಬೆಟ್ಟದ ಹೊಗೆಯ ಹತ್ತಿರ ಬಂದಾಗಿನ ದನಿ. ಅವಳು ಸಾಲಿಯ ಹಳೆಯ ನೋಟುಬುಕ್ಕಿನಿಂದ ಎರಡು ಹಾಳೆ ಹರಿದು ಎರಡು ಚೀಟಿ ಬರೆದಳು. ಎರಡರಲ್ಲೂ ಅದೇ ಒಕ್ಕಣೆ: ಗಾಡಿ ನಿಮ್ಮಿಬ್ಬರ ಕೈಯಲ್ಲೂ ಇದೆ, ಐತ್ವಾರ ಹನ್ನೊಂದಕ್ಕೆ ರಾಜೇಶ್ವರಕ್ಕೆ ದಯಮಾಡಿ ಬರಬೇಕು, ನಾನೂ ಬರುತ್ತೇನೆ. ರಾಜೇಶ್ವರ ಹುಮನಾಬಾದಿಗೂ ನಮಗೂ ನಡುವೆ ಹೆದ್ದಾರಿಯ ಮೇಲಿನ ಊರು. ಒಬ್ಬರ ಅಂಗಡಿಗೆ ಇನ್ನೊಬ್ಬರನ್ನು ಕರೆಸಿದರೆ ಕರೆಸಿಕೊಂಡವರ ಮುಂದೆ ಬಂದವರು ಸಣ್ಣವರಾಗುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು. ಅವಳೂ ಗೋರ್ಟಾದ ಆ ಮಾವನವರ ಮಗಳಲ್ಲವೇ. ಚೀಟಿ ಮುಟ್ಟಿಸುವ ಕೆಲಸ ನನಗೆ ಬಂತು. ಪೋಸ್ಟ್‌ಮ್ಯಾನ್‌ಗಳು ಪತ್ರ ಕೊಟ್ಟೊಡನೆ ಸೈಕಲ್ ಏರಿ ಹೋಗಿಬಿಡುವುದು ಯಾಕೆಂದು ನನಗೆ ಅವತ್ತು ಅರ್ಥವಾಯಿತು.

ಐತ್ವಾರ ರಾಜೇಶ್ವರದ ಹೋಟೆಲಿನ ಮುಂದಿನ ಬೇವಿನ ನೆರಳಿಗೆ ನಾವು ಒಂಟೆಯನ್ನು ಕೆಮ್ಮಿಸುತ್ತ ತಲುಪಿದಾಗ ಇಬ್ಬರೂ ಬಂದಾಗಿತ್ತು. ನಾನು ಜಗಳ ನಿರೀಕ್ಷಿಸಿದ್ದೆ. ನೋಡಿದರೆ ಒಂದೇ ಬಾಕಿನ ಮೇಲೆ ಕೂತು ಒಂದೇ ತಟ್ಟೆಯಿಂದ ಮಿರ್ಚಿ ಭಜಿ ತಿನ್ನುತ್ತಿದ್ದಾರೆ. ಎಳೆ ವಯಸ್ಸಿನಲ್ಲಿ ಇಬ್ಬರೂ ಹೈದರಾಬಾದಿನ ಒಬ್ಬರೇ ಉಸ್ತಾದರ ಕೈಕೆಳಗೆ ಕಲಿತವರಂತೆ. ಮಾಣಿಕಪ್ಪ ಹಿರಿಯ, ಮೌಲಾ ಕಿರಿಯ.

"ತಾರ್ ನೋಡಿದ ಕೂಡ್ಲೇ ಗೊತ್ತಾತ್ರಿ ಅಕ್ಕೋರೆ" ಎಂದರು ಮೌಲಾ ಉಸ್ತಾದ್, ಮಹಾನಂದಾಳಿಗೆ. "ಎಡಕ್ಕ ಹುರಿ ಹಾಕವರು ಈ ಇಲಾಕಾದಾಗ ಅಣ್ಣಾರು ಒಬ್ಬರೇ. ಅಣ್ಣಾರು ಕಟ್ಟಿದ್ದು ನಾ ಹ್ಯಾಂಗ ಬಿಚ್ಚಲಿ? ಟೈಮಿಂಗ್ ಹಿಂದ ಅದ, ಕಿಡಿ ಒಂಚೂರು ತಡಾ ಹಾರ್ತದ ಅಂತ ತಿಳೀತು. ಏನೋ ವಿಚಾರ ಮಾಡೇ ಇಟ್ಟಿರ್ತಾರ ಅಂತ ಪೆಟ್ರೋಲ್ ಒಂಚೂರು ಜಾಸ್ತಿ ಬಿಟ್ಟೆ."

ಮಾಣಿಕಪ್ಪನವರು ಬೆರಳು ಒರೆಸಿಕೊಂಡರು. "ಸರ್ ಕಾಲಿಗಿ ಕಿಕ್ ತಿರುಗಿ ಹೊಡೀಬಾರದಂತ ಟೈಮಿಂಗ್ ಹಿಂದ ಇಟ್ಟಿದ್ದೆ. ಮುಂದಿನ ವಾರ ನೋಡ್ತೀನಿ, ಪ್ಲಗ್ ತೊಯ್ದದ, ತಿರುಪಿನ ಮ್ಯಾಲ ಇವನ ಪಾಲಿಶ್ ಅದ. ಗಿರಾಕಿ ಮುಂದ ನಾ ಅದನ್ನ ಕೆರೆದ್ರ ಇವನ ಇಜ್ಜತ್ ಏನಾಗಬೇಕ್ರಿ? ಅದಕ್ಕ ಪ್ಲಗ್ಗೇ ಬ್ಯಾರೆ ನಂಬರಿಂದು ಹಾಕ್ದೆ."

"ಆ ಪ್ಲಗ್ ನೋಡಿ ನಾ ಎಂಜಿನ್ ಬಿಸಿ ಆಗಾಕತ್ತದ ಅಂತ ತಿಳಕೊಂಡು ಎಣ್ಣಿ ಜಾಸ್ತಿ ಹಾಕ್ದೆ" ಎಂದರು ಮೌಲಾ ಉಸ್ತಾದ್.

"ಆ ಎಣ್ಣಿ ಹೊಗಿ ನೋಡಿ ನಾ ಸೈಲೆನ್ಸರ್ ಬಿಚ್ಚಿ ಒಳಗಿನ ಮಸಿ ಸುಟ್ಟೆ" ಎಂದರು ಮಾಣಿಕಪ್ಪ.

ಮೂರು ತಿಂಗಳು ನನ್ನ ಗಾಡಿಗೆ ರೋಗವೇ ಇರಲಿಲ್ಲ. ಅದು ಇಬ್ಬರು ಸಭ್ಯ ಮನುಷ್ಯರ ನಡುವೆ ಸಿಕ್ಕಿಕೊಂಡಿತ್ತು. ನಾನು ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು: ಇಬ್ಬರಿಗೂ ಗೊತ್ತಿದ್ದ ಮೇಲೆ, ಯಾರಾದರೂ ಕೈ ಹಾಕಿದ್ದಾರಾ ಎಂದು ನನ್ನನ್ನು ಯಾಕೆ ಕೇಳಿದಿರಿ? ಮಾಣಿಕಪ್ಪನವರು ನೆಲ ನೋಡಿದರು. "ನೀವು ಹೌದು ಅಂದಿದ್ರ ಬಿಚ್ಚಾಕ ದಾರಿ ಇತ್ತು. ಇಲ್ಲಂದ್ರಿ. ದೊಡ್ಡವರು ಇಲ್ಲ ಅಂದ ಮ್ಯಾಲ ಅದ ಅನ್ನಾದು ಹ್ಯಾಂಗ್ರಿ?" ನನ್ನ ಸುಳ್ಳಿಗೂ ಅವರು ಲಿಹಾಜು ತೋರಿಸಿದ್ದರು.

ಇನ್ನು ಬಿಚ್ಚಬೇಕು. ಅಲ್ಲಿಯೂ ಅದೇ ಕಥೆ. ಸ್ಪಾನರು ಹಿಡಿದು ಮೌಲಾ ಉಸ್ತಾದ್ "ನೀವು ಸುರು ಮಾಡ್ರಿ ಅಣ್ಣಾರೆ" ಎನ್ನುತ್ತಾರೆ. ಮಾಣಿಕಪ್ಪ "ಮೊದಲ ನಿಂದು ತಗಿ" ಎನ್ನುತ್ತಾರೆ. ಎರಡು ಸುತ್ತು ಚಹಾ ಆಯಿತು. ಮೂಡಣದಲ್ಲಿ ಮೋಡ ಕಟ್ಟತೊಡಗಿತು. ಆಗ ಮಹಾನಂದಾ ಎದ್ದು, ಪೆಟ್ಟಿಗೆಯಿಂದ ಇಕ್ಕಳ ತೆಗೆದುಕೊಂಡು, ಎಡಕ್ಕೆ ಹುರಿ ಹಾಕಿದ ತಾಮ್ರದ ತಂತಿಯನ್ನು ಕಟ್ ಎಂದು ಕತ್ತರಿಸಿದಳು. ಸೀರೆಯಿಂದ ಪಿನ್ನು ತೆಗೆದು ತಿರುಪಿನ ಮೇಲಿನ ಕೆಂಪು ಚುಕ್ಕೆಯನ್ನು ಕೆರೆದಳು. ಹಿಂದೆ ಸರಿದು ಅವಳು ಹೇಳಿದಳು, ಮಕ್ಕಳಿಗೆ ಹೇಳುವ ದನಿಯಲ್ಲೇ: "ಈಗ ಯಾರ ಕೈಬರಹನೂ ಇಲ್ಲ. ಹೊಸಾ ಹಾಳಿ ಅದ. ಇಬ್ಬರೂ ಕೂತು ಬರೀರಿ."

ಬರೆದರು. ಟ್ಯಾಂಕನ್ನು ಬರಿದು ಮಾಡಿ ಅಳತೆಯ ಎಣ್ಣೆ ಬೆರೆಸಿದರು. ಒಬ್ಬರು ಕೈ ಚಾಚಿದರೆ ಇನ್ನೊಬ್ಬರು ಕೇಳದೆಯೇ ಬೇಕಾದ ಸಾಮಾನು ಕೊಡುತ್ತಿದ್ದರು. ಕಾರ್ಬ್ಯುರೇಟರನ್ನು ಬಿಚ್ಚಿ ಮತ್ತೆ ಕೂಡಿಸುವಾಗ ನಡುವಿನ ಪ್ಯಾಕಿಂಗ್ ಹರಿದಿತ್ತು. ಎರಡು ಲೋಹದ ನಡುವೆ ಗಾಳಿ ನುಸುಳದಂತೆ ಇಡುವ ಕಾಗದದ ಬಳೆ ಅದು. "ದಪ್ಪನ್ನ ಕಾಗದ ಇದ್ರ ಕೊಡ್ರಿ" ಎಂದರು ಮಾಣಿಕಪ್ಪ. ನಾನು ಹೋಟೆಲಿನ ಕಡೆ ಹೊರಟೆ. ಮಹಾನಂದಾ ಬಾಕಿನ ಮೇಲಿದ್ದ ನನ್ನ ಕಾಲೇಜಿನ ಚೀಲಕ್ಕೆ ಕೈ ಹಾಕಿ, ತರ್ಕಶಾಸ್ತ್ರದ ಪುಸ್ತಕ ತೆಗೆದು, ಮಡಚಿದ ಅರ್ಜಿಯನ್ನು ಎಳೆದಳು. ಹುಡುಕಲಿಲ್ಲ. ಯಾವ ಪುಟದಲ್ಲಿದೆ ಎಂದು ಗೊತ್ತಿದ್ದವರು ತೆಗೆಯುವ ಹಾಗೆ ತೆಗೆದಳು.

"ಇದು ದಪ್ಪ ಅದ ನೋಡ್ರಿ" ಎಂದು ಕೊಟ್ಟಳು.

ಮಾಣಿಕಪ್ಪನವರು ಅದನ್ನು ಲೋಹದ ಮೇಲೆ ಹರಡಿ, ಸಣ್ಣ ಸುತ್ತಿಗೆಯಿಂದ ಅಂಚಿನ ಗುಂಟ ಟಕಟಕನೆ ಬಡಿದರು. ಬೇಡವಾದದ್ದು ತಾನೇ ಕತ್ತರಿಸಿ ಬಿತ್ತು. ಕೈಯಲ್ಲುಳಿದ ಬಳೆಯ ಮೇಲೆ 'ಕೋರಿಕೆಗೆ ಕಾರಣ' ಎಂಬ ಅಕ್ಷರಗಳು ಅರ್ಧಂಬರ್ಧ ಕಾಣುತ್ತಿದ್ದವು. ಅದನ್ನು ಗ್ರೀಸಿನಲ್ಲಿ ಅದ್ದಿ, ಒಳಗಿಟ್ಟು, ಬಿಗಿದರು. ನಾನು ಮಹಾನಂದಾಳ ಮುಖ ನೋಡಲಿಲ್ಲ. ಅವಳು ಎಲ್ಲರಿಗೂ ಚುರುಮುರಿಯ ಸುಸಲಾ ಹೇಳಲು ಹೋಟೆಲಿನ ಒಳಗೆ ಹೋಗಿದ್ದಳು.

ಸಾಲಿ ಸುರುವಾದ ಎರಡನೆಯ ವಾರ ಮಳೆ ಹಿಡಿಯಿತು. ಮುಡಬಿ ದಾಟಿ ಡಾಂಬರು ಮುಗಿದಲ್ಲಿ ನಾನು ನಿಂತೆ. ಮುಂದೆ ಕಪ್ಪು ಕೆಸರು ಮಿರುಗುತ್ತಿತ್ತು. ಒಂದು ಟ್ರ್ಯಾಕ್ಟರು ಹೂತು ನಿಂತಿತ್ತು, ಅದರ ಮೇಲೆ ಕೂತವರು ನಮ್ಮನ್ನು ಕನಿಕರದಿಂದ ನೋಡಿದರು. ಗೇರು ಹಾಕಿದೆ. ಹೇಗೆ ಹೋಯಿತೆಂದು ನನಗೆ ಹೇಳಲು ಬರುವುದಿಲ್ಲ, ಯಾಕೆಂದರೆ ಹೆಚ್ಚು ಹೊತ್ತು ಕಣ್ಣು ಮುಚ್ಚಿದ್ದೆ. ಚಕ್ರ ಜಾರಿತು, ಏರಿತು, ಮಣ್ಣನ್ನು ಹಿಂದಕ್ಕೆ ಎಸೆಯಿತು, ನಿಲ್ಲಲಿಲ್ಲ. ಮಹಾನಂದಾ ಹಿಂದಿನಿಂದ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದಳು. ತಾಂಡಾ ಮುಟ್ಟಿದಾಗ ಹತ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಅವಳು ಇಳಿದು, ಸೀರೆಯ ಅಂಚಿನ ಕೆಸರು ಹಿಂಡಿ, ನನ್ನ ಕಡೆ ತಿರುಗಿದಳು. "ನಾ ಊರಾಗಿನ ಸಾಲಿಗಿ ಬರಬೇಕಂತ ನಿಮ್ಮ ಮನಸಿನ್ಯಾಗ ಇತ್ತು. ಹೌದಲ್ರಿ?"

ಇಂಥ ಪ್ರಶ್ನೆಯಿಂದ ಪಾರಾಗಲು ನನ್ನ ಶಾಸ್ತ್ರದಲ್ಲಿ ಕನಿಷ್ಠ ನಾಲ್ಕು ದಾರಿಗಳಿವೆ. ನಾಲ್ಕನ್ನೂ ನಾನು ಪ್ರತಿ ವರ್ಷ ಕಲಿಸುತ್ತೇನೆ.

"ಹೌದು" ಎಂದೆ.

"ಮಾರ್ಚಿನ್ಯಾಗೇ ಕೇಳಬೇಕಿತ್ತು" ಎಂದಳು. "ಒಲ್ಲೆ ಅಂತಿದ್ದೆ. ಮುಗೀತಿತ್ತು. ಇಷ್ಟ್ ದಿನ ನಾ ನಿಮಗ ಬ್ಯಾಸರ ಆಗಬಾರದಂತ ಸುಮ್ಮನ ಇದ್ದೆ, ನೀವು ನನಗ ಬ್ಯಾಸರ ಆಗಬಾರದಂತ ಸುಮ್ಮನ ಇದ್ರಿ."

ಹೇಳಿ ಹೋಗಿ ಗಂಟೆ ಹೊಡೆದಳು. ತಗಡಿನ ತುಂಡು, ದನಿ ದೊಡ್ಡದು. ಗುಡಿಸಲುಗಳಿಂದ ಮಕ್ಕಳು ಗೋಣಿಚೀಲದ ಕೊಪ್ಪೆ ಹೊದ್ದು ಬರತೊಡಗಿದರು. ನನಗೆ ನಿಜವಾಗಿ ಸಂತೋಷವಾಯಿತು. ಪೇಪರು ಹೋದದ್ದಕ್ಕೆ ಸ್ವಲ್ಪ ದುಃಖವೂ ಇತ್ತು, ಅದನ್ನು ಸಂಜೆ ಅವಳಿಗೆ ಹೇಳಿಯೂ ಬಿಟ್ಟೆ.

ಆ ಮಳೆಗಾಲವೆಲ್ಲ ಗಾಡಿ ಓಡಿತು, ಮುಂದೆ ಇನ್ನೂ ಮೂರು ಮಳೆಗಾಲ ಓಡಿತು. ಆ ನಾಲ್ವರು ಹುಡುಗಿಯರು ಐದನೆಯ ಇಯತ್ತೆಗೆ ಹೋದರು. ಗಾಡಿ ಯಾವ ಕಾರಣಕ್ಕೆ ಸರಿಹೋಯಿತೆಂದು ಮಾತ್ರ ನನಗೆ ಈಗಲೂ ಸ್ಪಷ್ಟವಿಲ್ಲ. ಅವತ್ತು ರಾಜೇಶ್ವರದಲ್ಲಿ ಎಲ್ಲವನ್ನೂ ಒಟ್ಟಿಗೇ ಬದಲಿಸಿದ್ದರಲ್ಲ, ಹಾಗಾಗಿ ನನ್ನ ಶಾಸ್ತ್ರದ ಪ್ರಕಾರ ಅದನ್ನು ತಿಳಿಯುವ ದಾರಿಯೇ ಇಲ್ಲ. ಮಾಣಿಕಪ್ಪನವರನ್ನು ಕೇಳಿದರೆ ಮೌಲಾ ಹಿಡಿದ ಕಾರ್ಬ್ಯುರೇಟರು ಎನ್ನುತ್ತಾರೆ. ಮೌಲಾ ಉಸ್ತಾದರನ್ನು ಕೇಳಿದರೆ ಅಣ್ಣಾರು ಇಟ್ಟ ಟೈಮಿಂಗು ಎನ್ನುತ್ತಾರೆ. ಮಹಾನಂದಾ ಪ್ಯಾಕಿಂಗು ಎನ್ನುತ್ತಾಳೆ.